ಕಿರೀಟವಲ್ಲ, ಕುಳ್ಳಾಯಿ

ಮಠದ ಪಾಠಶಾಲೆಯಲ್ಲಿ ಅಕ್ಷರ ಕಲಿತ ನಮಗೆ ಸೂಜಿ ಹಿಡಿಯುವ ಹವ್ಯಾಸ ಹೇಗೆ ಅಂಟಿತೆಂದು ಬಂಧುಗಳು ಕೇಳುವುದುಂಟು. ಜಾತ್ರೆಯ ನಾಟಕಗಳಿಗೆ ಉಡುಪು ಸಿದ್ಧಪಡಿಸುವ ಹೊಣೆ ಬಹುಕಾಲ ನಮ್ಮದಾಗಿತ್ತು. ಕೃಷ್ಣದೇವರಾಯನ ಪಾತ್ರಕ್ಕೆ ರಟ್ಟು, ಬೇಗಡೆಗಳಿಂದ ಕಿರೀಟ ಕಟ್ಟಿ, ಕಾಲಿಗೆ ಜರತಾರಿ ಪಾದರಕ್ಷೆ ತೊಡಿಸುತ್ತಿದ್ದೆವು. ಜನ ಮೆಚ್ಚುತ್ತಿದ್ದರು, ನಾವೂ ಬೀಗುತ್ತಿದ್ದೆವು.

ಒಮ್ಮೆ ತಿರುಮಲೆಯ ದೇವಾಲಯದಲ್ಲಿ ರಾಯನ ಲೋಹವಿಗ್ರಹದೆದುರು ನಿಂತಾಗ ನಾಚಿಕೆಯಾಯಿತು. ಇಬ್ಬರು ರಾಣಿಯರೊಡನೆ ಕೈಮುಗಿದು ನಿಂತ ಅರಸನ ತಲೆಯ ಮೇಲಿದ್ದುದು ಕಿರೀಟವಲ್ಲ, ನೀಳವಾದ ಕುಳ್ಳಾಯಿ. ಲೇಪಾಕ್ಷಿಯ 16ನೆಯ ಶತಮಾನದ ಚಾವಣಿಚಿತ್ರಗಳಲ್ಲಿಯೂ ಅಂಥದೇ ಟೊಪ್ಪಿಗೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ ಪ್ರವಾಸಿ ಡೊಮಿಂಗೊ ಪಾಯಸ್ ರಾಯನ ಜರಿಯ ಟೊಪ್ಪಿಗೆಯನ್ನೂ ಬರಿಗಾಲನ್ನೂ ಬಣ್ಣಿಸಿದ್ದಾನೆ. ಕುಳ್ಳಾಯಿ ಎಂಬ ಮಾತಿನ ಮೂಲ ಪಾರಸಿಯ ‘ಕುಲಾಹ್’.

ಊರಿಗೆ ಮರಳಿ ಹಳೆಯ ಕಿರೀಟವನ್ನು ಬಿಚ್ಚಿದೆವು. ನಮ್ಮ ಸಹಧರ್ಮಿಣಿ ತನ್ನ ಮದುವೆಯ ಸೀರೆಯ ಜರಿಯಂಚನ್ನು ಕತ್ತರಿಸಿ ಕೊಟ್ಟಳು. ಮೊದಲ ಎರಡು ಕುಳ್ಳಾಯಿ ತಲೆಯ ಮೇಲೆ ನಿಲ್ಲದೆ ಬಾಗಿದವು. ಒಳಗೆ ಗಂಜಿ ಹಾಕಿದ ದಪ್ಪ ಬಟ್ಟೆಯಿಟ್ಟು ಹೊಲಿದ ಮೂರನೆಯದು ನಿಂತಿತು.

ಆ ವರ್ಷದ ಜಾತ್ರೆಯಲ್ಲಿ ಬರಿಗಾಲಿನ ಅರಸನನ್ನು ಕಂಡ ಹಿರಿಯರೊಬ್ಬರು, “ಕಿರೀಟವೆಲ್ಲಿ? ಹೊರನಾಡಿನ ಟೊಪ್ಪಿಗೆಯೇಕೆ?” ಎಂದು ಗದರಿದರು. “ಅರಸನೇ ಒಪ್ಪಿ ತೊಟ್ಟುದನ್ನು ಕಳೆಯಲು ನಾವಾರು?” ಎಂದೆವು. ಅವರು ಒಪ್ಪಲಿಲ್ಲ, ಮರುವರ್ಷ ನಮ್ಮನ್ನು ಕರೆಯಲೂ ಇಲ್ಲ. ನೋವಾದುದು ನಿಜ. ಆದರೆ ಮತ್ತೆ ಬೇಗಡೆ ಅಂಟಿಸಲು ಕೈ ಏಳಲಿಲ್ಲ.

ಕುಳ್ಳಾಯಿ ಇಂದಿಗೂ ನಮ್ಮ ಪುಸ್ತಕದ ಕಪಾಟಿನಲ್ಲಿದೆ. ಮೊಮ್ಮಗ ಒಮ್ಮೊಮ್ಮೆ ಅದನ್ನು ತೊಟ್ಟು, ಬರಿಗಾಲಿನಲ್ಲಿ ಅಂಗಳದ ತುಂಬ ಠೀವಿಯಿಂದ ನಡೆಯುತ್ತಾನೆ.