ಹೊಳಿ ದಾಟಿದ್ರ ಬ್ಯಾರೆ ರೊಕ್ಕ

ವಿಂಡ್ಸರ್ ಊರಿನ ನದಿ ದಂಡೆಯಲ್ಲಿ ನಿಂತಾಗ ಮಗಳು ಆಚೆ ಕಡೆ ಕೈ ತೋರಿಸಿದಳು. "ಅವ್ವಾ, ಆ ಎತ್ತರದ ಬಿಲ್ಡಿಂಗ್ ಕಾಣ್ತಾವಲ್ಲ, ಅದು ಅಮೆರಿಕ. ಡೆಟ್ರಾಯಿಟ್. ನನ್ನ ಆಸ್ಪತ್ರೆ ಅಲ್ಲೇ ಅದ."

ದೇವದುರ್ಗದ ಕಡೆಯ ಶಾಲೆಗಳಲ್ಲಿ ಮೂವತ್ತು ವರ್ಷ ನಕಾಶೆ ತೂಗುಹಾಕಿ, ಕೆನಡಾ ಅಮೆರಿಕದ ಉತ್ತರಕ್ಕಿದೆ ಎಂದು ಮಕ್ಕಳಿಗೆ ಕಲಿಸಿದವಳು ನಾನು. ಇಲ್ಲಿ ಬಂದು ನೋಡಿದರೆ ಅಮೆರಿಕವೇ ಉತ್ತರಕ್ಕಿದೆ! ಡೆಟ್ರಾಯಿಟ್ ನದಿ ಅಲ್ಲಿ ಹಾಗೆ ತಿರುಗಿಕೊಂಡಿದೆ. ನದಿಯ ಮೇಲೆ 1929ರ ಅಂಬಾಸಡರ್ ಸೇತುವೆ, ನದಿಯ ತಳದಲ್ಲಿ 1930ರಲ್ಲಿ ತೆರೆದ ಸುರಂಗ. ಮಗಳು ಡ್ಯೂಟಿ ಇದ್ದ ದಿನ ಆ ಸುರಂಗದಲ್ಲೇ ಕಾರು ಓಡಿಸಿಕೊಂಡು ಹೋಗಿ, ನರ್ಸ್ ಕೆಲಸ ಮುಗಿಸಿ ಬರುತ್ತಾಳೆ. ಈಚೆ ಮನೆ, ಆಚೆ ನೌಕರಿ ಇರುವ ನರ್ಸ್‌ಗಳು ವಿಂಡ್ಸರ್‌ನಲ್ಲಿ ಬಹಳ ಮಂದಿ. ನನಗಿದ್ದದ್ದು ಕೆನಡಾದ ವೀಸಾ ಮಾತ್ರ. ಹಾಗಾಗಿ ಎರಡು ತಿಂಗಳೂ ನಾನು ಈಚೆ ದಂಡೆಯವಳೇ.

ಆ ನದಿ ನೋಡುತ್ತ ನನಗೆ ನೆನಪಾದದ್ದು ನಮ್ಮ ತುಂಗಭದ್ರಾ, ಮತ್ತು ನಮ್ಮ ಮುತ್ಯಾ.

ಅರಕೇರಾ ಇರುವುದು ಕೃಷ್ಣಾ, ತುಂಗಭದ್ರಾ ಎರಡು ಹೊಳೆಗಳ ನಡುವಿನ ಸೀಮೆಯಲ್ಲಿ. ಸ್ವಾತಂತ್ರ್ಯಕ್ಕೆ ಮೊದಲು ರಾಯಚೂರು ಜಿಲ್ಲೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ತುಂಗಭದ್ರಾ ದಾಟಿದರೆ ಬ್ರಿಟಿಷರ ಮದ್ರಾಸ್ ಪ್ರಾಂತ್ಯ. ಮಂತ್ರಾಲಯ, ಆದೋನಿ ಎಲ್ಲ ಆಚೆ. ಈಚೆ ನಡೆಯುತ್ತಿದ್ದದ್ದು ಚಾರ್ಮಿನಾರ್ ಚಿತ್ರದ ಹಾಲಿ ಸಿಕ್ಕಾ ರೂಪಾಯಿ, ಆಚೆ ಕಲದಾರ ರೂಪಾಯಿ. ಏಳು ಹಾಲಿ ಕೊಟ್ಟರೆ ಆರು ಕಲದಾರ. ಸರಕಾರಿ ಲೆಕ್ಕದಲ್ಲಿ ಹೇಳುವುದಾದರೆ 100 ಕಲದಾರಕ್ಕೆ 116 ರೂಪಾಯಿ 10 ಆಣೆ 8 ಪೈ. ನಿಜಾಮರ ನೋಟಿನ ಮೇಲೆ ಉರ್ದು, ತೆಲುಗು, ಮರಾಠಿ ಜೊತೆಗೆ ನಮ್ಮ ಕನ್ನಡವೂ ಇತ್ತು. ಆದರೆ ಹೊಳೆಯ ಆಚೆ ದಂಡೆಯಲ್ಲಿ ಆ ಕನ್ನಡ ನಡೆಯುತ್ತಿರಲಿಲ್ಲ!

ಮುತ್ಯಾ ಒಮ್ಮೆ ಹತ್ತಿ ಮಾರಿದ 70 ಹಾಲಿ ರೂಪಾಯಿ ಸೊಂಟಕ್ಕೆ ಕಟ್ಟಿಕೊಂಡು, ಹೋರಿ ತರಲು ಆದೋನಿಗೆ ಹೊರಟಿದ್ದರಂತೆ. ಲೆಕ್ಕದ ಪ್ರಕಾರ 60 ಕಲದಾರ ಸಿಗಬೇಕು. ಹೊಳೆ ದಂಡೆಯಲ್ಲಿ ರೊಕ್ಕ ಬದಲಿಸುವವನೊಬ್ಬ 56 ಎಣಿಸಿ ಕೈಗಿಟ್ಟ. ಕೇಳಿದರೆ, "ಇವತ್ತಿನ ಧಾರಣಿ ಇಷ್ಟೇ" ಎಂದನಂತೆ. ಹೋರಿ ಬಂತು, ಅಜ್ಜಿಗೆ ತರುತ್ತೇನೆಂದ ಸೀರೆ ಬರಲಿಲ್ಲ. "ನಾಕು ರೂಪಾಯಿ ಹೊಳೀಗೆ ಹೋತು" ಎಂದು ಮುತ್ಯಾ ಸಾಯೋತನಕ ಹೇಳುತ್ತಿದ್ದರು. ಇವತ್ತಿಗೂ ನಮ್ಮ ಮನೆಯಲ್ಲಿ ಕಣ್ಣಿಗೆ ಕಾಣದೆ ರೊಕ್ಕ ಸೋರಿದರೆ "ಹೊಳೀಗೆ ಹೋತು" ಎನ್ನುವುದೇ ಮಾತು.

ಮಗಳ ಕಥೆಯೂ ಅದೇ ಆಗಿತ್ತು. ಅವಳ ಪಗಾರ ಅಮೆರಿಕನ್ ಡಾಲರ್. ಮನೆ ಸಾಲದ ಕಂತು, ಕಿರಾಣಿ, ಕರೆಂಟು ಎಲ್ಲ ಕೆನಡಾ ಡಾಲರ್. ಇತ್ತ ಅರಕೇರಾದಲ್ಲಿ ಅವಳ ಓದಿಗೆಂದು ನಾವು ಎರಡು ಎಕರೆ ಎರೆ ಹೊಲ ಒತ್ತಿ ಇಟ್ಟಿದ್ದೆವು. ಅದನ್ನು ಬಿಡಿಸಲು ತಿಂಗಳಾ ಕಳಿಸಬೇಕಾದ್ದು ರೂಪಾಯಿ. ಮೊದಲ ವರ್ಷ ಅವಳು ಏನು ಮಾಡುತ್ತಿದ್ದಳೆಂದರೆ, ಬಂದ ಪಗಾರವನ್ನೆಲ್ಲ ಬ್ಯಾಂಕ್ ಹೇಳಿದ ದರಕ್ಕೆ ಕೆನಡಾ ಡಾಲರ್ ಮಾಡುವುದು. ಮರುದಿನ ಡೆಟ್ರಾಯಿಟ್‌ನಲ್ಲಿ ಊಟ, ಪೆಟ್ರೋಲ್, ಪಾರ್ಕಿಂಗ್‌ಗೆ ಕೆನಡಾದ ಕ್ರೆಡಿಟ್ ಕಾರ್ಡ್ ಉಜ್ಜುವುದು. ನಮಗೆ ಕಳಿಸುವಾಗ ಆ ಕೆನಡಾ ಡಾಲರನ್ನೇ ಮತ್ತೆ ರೂಪಾಯಿ ಮಾಡಿಸುವುದು.

ಕೆನಡಾದ ಹೆಚ್ಚಿನ ಕಾರ್ಡ್‌ಗಳು ಬೇರೆ ದೇಶದ ರೊಕ್ಕದಲ್ಲಿ ಖರ್ಚು ಮಾಡಿದರೆ ಶೇ. 2.5 ಶುಲ್ಕ ಹಾಕುತ್ತವೆ. ಒಂದು ಅಮೆರಿಕನ್ ಡಾಲರಿಗೆ ಕೆನಡಾದ 1.35 ಡಾಲರ್ ಎಂದಿಟ್ಟುಕೊಳ್ಳಿ. ಆಚೆ 100 ಡಾಲರ್ ಖರ್ಚು ಮಾಡಿದರೆ ಈಚೆ 135 ಆಗಬೇಕು. ಶುಲ್ಕ ಸೇರಿ 138 ದಾಟುತ್ತದೆ. ಒಂದು ಊಟಕ್ಕೆ ಇದು ಕಾಣುವುದಿಲ್ಲ. ಆದರೆ ವರ್ಷದ ಕೊನೆಗೆ ಅಳಿಯ ಎಲ್ಲ ಚೀಟಿ ಹರಡಿಕೊಂಡು ಕೂಡಿಸಿದಾಗ, ನಮ್ಮ ಹೊಲದ ಎರಡು ಕಂತಿನಷ್ಟು ಹೊಳೀಗೆ ಹೋಗಿತ್ತು! ಅಂದರೆ ಹೊಲ ಕೈಗೆ ಬರುವುದು ಎರಡು ತಿಂಗಳು ತಡ.

ಈಗ ಅವಳು ಪದ್ಧತಿ ಬದಲಿಸಿದ್ದಾಳೆ. ನನ್ನನ್ನು ಅಡುಗೆ ಮನೆಯಲ್ಲಿ ಕೂರಿಸಿಕೊಂಡು ಹೇಳಿದ್ದನ್ನೇ ಬರೆಯುತ್ತೇನೆ.

"ಅವ್ವಾ, ಕೆನಡಾ ಬ್ಯಾಂಕಿನಾಗ ಅಮೆರಿಕನ್ ಡಾಲರ್ ಖಾತೆ ತೆಗೀಬಹುದು. ಆದ್ರ ಅದು ಅಮೆರಿಕದ ಖಾತೆ ಅಲ್ಲ. ಆಚೆ ಕಡೆ ಪಗಾರ ಹಾಕೋರು ಅಮೆರಿಕದ ಬ್ಯಾಂಕ್ ನಂಬರ್ ಕೇಳ್ತಾರ. ಅದಕ್ಕ ಆಚೆ ಒಂದು ಖಾತೆ, ಈಚೆ ಒಂದು ಖಾತೆ ಇಟ್ಟೀನಿ. ಎರಡೂ ದಂಡಿಮ್ಯಾಗ ಶಾಖೆ ಇರೋ ಬ್ಯಾಂಕೂ ಅದಾವ. ಆಚೆ ಖರ್ಚಿಗೆ ಅಮೆರಿಕನ್ ಡಾಲರಿನ ಕಾರ್ಡ್. ಅದರ ಬಿಲ್ಲೂ ಅಮೆರಿಕನ್ ಡಾಲರಿನಾಗ ಕಟ್ಟಬೇಕು, ಇಲ್ಲಂದ್ರ ಮತ್ತ ಅದೇ ಹಾಡು."

ಮನೆಗೆ ಎಷ್ಟು ಬೇಕೋ ಅಷ್ಟನ್ನು ಮಾತ್ರ ಕೆನಡಾ ಡಾಲರ್ ಮಾಡುತ್ತಾಳೆ. ನಮಗೆ ಕಳಿಸುವುದು ಅಮೆರಿಕದ ಖಾತೆಯಿಂದ ನೇರ ರೂಪಾಯಿಗೆ. ರೊಕ್ಕ ಎಷ್ಟು ಸಲ ಹೊಳೆ ದಾಟುತ್ತದೋ ಅಷ್ಟು ಸಲ ಸವೆಯುತ್ತದೆ. ಒಂದೇ ಸಲ ದಾಟಿಸಬೇಕು. ಇದಿಷ್ಟೇ ಗುಟ್ಟು. ಇನ್ನೊಂದು ಮಾತು ಕೇಳಿ ನನಗೆ ಅಚ್ಚರಿಯಾಯಿತು. ಕೆನಡಾದಲ್ಲಿ ವರ್ಷಗಟ್ಟಲೆ ಸರಿಯಾಗಿ ಸಾಲ ಕಟ್ಟಿ ಗಳಿಸಿದ ಒಳ್ಳೆ ಹೆಸರು ಅಮೆರಿಕದ ಬ್ಯಾಂಕಿನಲ್ಲಿ ತಾನಾಗಿ ನಡೆಯುವುದಿಲ್ಲವಂತೆ. ಸಾಮಾನ್ಯವಾಗಿ ಅಲ್ಲಿ ಮತ್ತೆ ಮೊದಲಿನಿಂದ ಗಳಿಸಬೇಕು. ಮುತ್ಯಾನ ನೋಟಿನ ಮೇಲಿನ ಕನ್ನಡದ ಹಾಗೆ!

ಇಷ್ಟೆಲ್ಲ ಕೇಳಿಸಿಕೊಂಡ ನಾನೇನು ಶಾಣ್ಯಾಕಿಯಾದೆನೇ? ವಾಪಸ್ ಬರುವಾಗ ಟೊರಾಂಟೊ ವಿಮಾನ ನಿಲ್ದಾಣದ ಅಂಗಡಿಯಲ್ಲಿ ಮೊಮ್ಮಕ್ಕಳಿಗೆಂದು ಚಾಕಲೇಟ್ ತೆಗೆದುಕೊಂಡು ನಮ್ಮೂರ ಕಾರ್ಡ್ ಕೊಟ್ಟೆ. ಮಷೀನು, ಡಾಲರಿನಲ್ಲಿ ಕೊಡುತ್ತೀರೋ ರೂಪಾಯಿಯಲ್ಲೋ ಎಂದು ಕೇಳಿತು. ನಮ್ಮ ರೂಪಾಯಿ ಕಂಡು ಖುಷಿಯಾಗಿ ಅದನ್ನೇ ಒತ್ತಿದೆ. ಊರಿಗೆ ಬಂದು ನೋಡಿದರೆ ದರ ದುಬಾರಿ. ಹೀಗೆ ಒತ್ತಿದಾಗ ಅಂಗಡಿ ಕಡೆಯವರು ತಮ್ಮ ದರ ಹಾಕುತ್ತಾರೆ. ಅದರ ಮೇಲೆ ಕೆಲವು ಬ್ಯಾಂಕುಗಳು ತಮ್ಮ ಶುಲ್ಕವನ್ನೂ ಸೇರಿಸುತ್ತವೆ. ಯಾವ ದೇಶದಲ್ಲಿ ನಿಂತಿದ್ದೀರೋ ಆ ದೇಶದ ರೊಕ್ಕವನ್ನೇ ಒತ್ತಬೇಕಂತೆ. ಮಕ್ಕಳನ್ನು ನೋಡಲು ಹೊರಡುವ ನನ್ನಂಥ ಅಮ್ಮಂದಿರು ಇದನ್ನು ಮರೆಯಬೇಡಿ. ಹೊರಡುವ ಮೊದಲು ಕಾರ್ಡ್ ಹೊರದೇಶದಲ್ಲಿ ನಡೆಯುವಂತೆ ಆನ್ ಮಾಡಿಸಿಕೊಳ್ಳಿ. ಹೊಸ ಕಾರ್ಡ್‌ಗಳಲ್ಲಿ ಅದು ಮೊದಲು ಬಂದ್ ಇರುತ್ತದೆ. ನಮ್ಮ ಬ್ಯಾಂಕ್ ಎಷ್ಟು ಶುಲ್ಕ ಹಿಡಿಯುತ್ತದೆಂದೂ ಕೇಳಿಕೊಳ್ಳಿ.

ಅರಕೇರಾಕ್ಕೆ ಬಂದ ಮೇಲೆ ಟ್ರಂಕು ತೆಗೆದು ಮುತ್ಯಾ ಉಳಿಸಿದ್ದ ಒಂದು ಹಾಲಿ ರೂಪಾಯಿ ನೋಡಿದೆ. 1959ರಲ್ಲಿ ಆ ನಾಣ್ಯಗಳ ಚಲಾವಣೆ ನಿಂತಿತು. ಹಾಲಿ ಸಿಕ್ಕಾದ ವ್ಯವಹಾರ ನೋಡಿಕೊಳ್ಳಲು 1941ರ ಕಾಯ್ದೆಯಿಂದ ಹುಟ್ಟಿದ ಹೈದರಾಬಾದ್ ಸ್ಟೇಟ್ ಬ್ಯಾಂಕು ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಆಯಿತು. ನನ್ನ ಮೊದಲ ಪಗಾರ ಬಂದದ್ದು ಅದೇ ಬ್ಯಾಂಕಿಗೆ. 2017ರಲ್ಲಿ ಅದೂ ಎಸ್‌ಬಿಐನಲ್ಲಿ ಸೇರಿಹೋಯಿತು. ತುಂಗಭದ್ರಾ ಈಗ ಎರಡು ರೊಕ್ಕದ ಗಡಿಯಲ್ಲ. ಮಂತ್ರಾಲಯಕ್ಕೆ ಹೋಗುವವರು ಆಚೆ ದಂಡೆಯಲ್ಲೂ ಫೋನ್ ತೋರಿಸಿ ತೆಂಗಿನಕಾಯಿ ಕೊಳ್ಳುತ್ತಾರೆ. ಗಡಿ ಈಗ ನಮ್ಮ ಮಕ್ಕಳು ಇರುವಲ್ಲಿಗೆ ಹೋಗಿದೆ.

ಹೋದ ತಿಂಗಳು ಕೊನೆಯ ಕಂತು ಕಟ್ಟಿ ಹೊಲದ ಕಾಗದ ಬಿಡಿಸಿಕೊಂಡೆವು. ಸಂಜೆ ಮಗಳ ಫೋನು.

"ಅವ್ವಾ, ರೊಕ್ಕ ಪೂರಾ ಮುಟ್ಟಿತಾ? ಹೊಳೀಗೆ ಎಷ್ಟು ಹೋತು?"

ಪಾಸ್‌ಬುಕ್ ಮುಂದಿಟ್ಟುಕೊಂಡೇ ಕೂತಿದ್ದೆ. "ಸ್ವಲ್ಪ ಹೋಗ್ಯಾದವ್ವಾ," ಎಂದೆ, "ಆದ್ರ ಈ ಸಲ ಸೀರಿ ರೊಕ್ಕ ಉಳಿದದ."