ಪಥ್ಯದ ಹೆಸರಲ್ಲಿ ಮಕ್ಕಳಿಗೆ ಉಪವಾಸ ಬೇಡ

ನಮ್ಮ ಕರಾವಳಿಯಲ್ಲಿ ಮೈ ತುರಿಸಿದರೆ ಮೊದಲು ಸಂಶಯ ಬೀಳುವುದು ಊಟದ ತಟ್ಟೆಯ ಮೇಲೆ. ಮೀನು ನಂಜು, ಮೊಟ್ಟೆ ನಂಜು, ಬದನೆಯೂ ನಂಜು. ನನ್ನ ತಂಗಿಯ ಎರಡು ವರ್ಷದ ಮಗನಿಗೆ ಮೊಣಕೈ, ಮೊಣಕಾಲಿನ ಮಡಿಕೆಗಳಲ್ಲಿ ಇಸುಬು ಕಾಣಿಸಿಕೊಂಡಾಗ ಹಿರಿಯರು ಇವೆಲ್ಲವನ್ನೂ ನಿಲ್ಲಿಸಿದರು. ಕೊನೆಗೆ ಹಾಲನ್ನೂ ಬಿಡಿಸಿದರು. ಗಂಜಿ, ತಿಳಿಸಾರಿನಲ್ಲೇ ಐದು ತಿಂಗಳು ಕಳೆಯಿತು. ಮಗು ಬಡಕಲಾಯಿತೇ ಹೊರತು ತುರಿಕೆ ಕಡಿಮೆಯಾಗಲಿಲ್ಲ.

ಚರ್ಮ ತಜ್ಞರು ಹೇಳಿದ್ದಿಷ್ಟು: ಇಸುಬು ಇರುವವರ ಚರ್ಮಕ್ಕೆ ತೇವಾಂಶ ಹಿಡಿದಿಡುವ ಶಕ್ತಿ ಕಡಿಮೆ. ಇದು ಹೆಚ್ಚಾಗಿ ವಂಶದಿಂದ ಬರುತ್ತದೆ. ಆಹಾರದಿಂದ ಉಲ್ಬಣಿಸುವುದು ಕೆಲವು ಮಕ್ಕಳಲ್ಲಿ ಮಾತ್ರ. ಹಾಲು, ಮೊಟ್ಟೆ, ಗೋಧಿ, ನೆಲಗಡಲೆ ಅವರಿಗೆ ಒಗ್ಗದಿರಬಹುದು. ತಿಂದ ಸ್ವಲ್ಪ ಹೊತ್ತಿನಲ್ಲೇ ದದ್ದು, ತುಟಿ ಊತ, ವಾಂತಿ ಕಂಡರೆ ಪರೀಕ್ಷೆ ಮಾಡಿಸಲೇಬೇಕು. ಉಸಿರಾಟಕ್ಕೆ ಕಷ್ಟವಾದರೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಸುಮ್ಮನೆ ಬಿಡಿಸುವುದರಲ್ಲೂ ಅಪಾಯವಿದೆ. ಬ್ರಿಟನ್ನಿನಲ್ಲಿ ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ 640 ಶಿಶುಗಳ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಎಳವೆಯಿಂದಲೇ ನೆಲಗಡಲೆಯ ಆಹಾರ ತಿಂದವರಿಗಿಂತ ಅದನ್ನು ದೂರವಿಟ್ಟವರಲ್ಲೇ ಐದನೇ ವಯಸ್ಸಿಗೆ ನೆಲಗಡಲೆಯ ಅಲರ್ಜಿ ಬಹಳ ಹೆಚ್ಚಾಗಿತ್ತು. ಬಹಳ ಕಾಲ ಬಿಟ್ಟ ಆಹಾರವನ್ನು ಮತ್ತೆ ಕೊಡುವಾಗಲೂ ವೈದ್ಯರ ಸಲಹೆ ಬೇಕು.

ನಮ್ಮ ಮಗುವಿಗೆ ಅವರ ನಿಗಾದಲ್ಲೇ ಹಾಲು, ಮೊಟ್ಟೆ, ಮೀನು ಒಂದೊಂದಾಗಿ ಮತ್ತೆ ಶುರುವಾದವು. ಜೊತೆಗೆ ಅವರು ಬರೆದುಕೊಟ್ಟ ಮುಲಾಮು, ಸ್ನಾನವಾದ ಕೂಡಲೇ ಮೈಗೆ ವ್ಯಾಸಲೀನ್. ಈಗಲೂ ಚಳಿಗಾಲದಲ್ಲಿ ತುರಿಕೆ ಬರುತ್ತದೆ, ಹೋಗುತ್ತದೆ. ಆದರೆ ಮಗು ಹೊಟ್ಟೆ ತುಂಬ ಉಣ್ಣುತ್ತದೆ, ರಾತ್ರಿ ನಿದ್ರಿಸುತ್ತದೆ. ತಾಯಂದಿರೇ, ಮಗುವಿನ ತಟ್ಟೆಯಿಂದ ಏನನ್ನಾದರೂ ತೆಗೆಯುವ ಮುನ್ನ ಒಮ್ಮೆ ವೈದ್ಯರನ್ನು ಕೇಳಿ.