ಅರ್ಧ ಎಲ್ಫ್‌ಗೆ ಪುಟವಿಲ್ಲ

ಶನಿವಾರ ರಾತ್ರಿ ಮೆಸ್ಸಿನ ಊಟ ಮುಗಿದ ಮೇಲೆ ನಾವು ಐದು ಜನ ಹಾಸ್ಟೆಲ್ಲಿನ ರೀಡಿಂಗ್ ರೂಮಿನಲ್ಲಿ ಸೇರುತ್ತೇವೆ. ಮೇಜಿನ ಮೇಲೆ ಕಾಗದ, ಪೆನ್ಸಿಲ್, ಇಪ್ಪತ್ತು ಮುಖದ ದಾಳಗಳು. ಆಡುವುದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿ 1974ರಲ್ಲಿ ಹೊರಬಂದ ಆಟ. ಒಬ್ಬರು ಕಥೆ ನಡೆಸುವ ಮಾಸ್ಟರ್, ಉಳಿದವರಿಗೆ ಒಂದೊಂದು ಪಾತ್ರ. ಪಾತ್ರ ಏನು ಮಾಡುತ್ತದೆಂದು ನಾವು ಹೇಳುತ್ತೇವೆ. ಅದು ಕೈಗೂಡಿತೋ ಇಲ್ಲವೋ ಎಂದು ದಾಳ ಹೇಳುತ್ತದೆ. ಮೂರು ವರ್ಷಗಳಿಂದ ನಾನು ಅಲ್ಲಿ ಅರ್ಧ ಎಲ್ಫ್ ಹಾಡುಗಾರ್ತಿ. ತಾಯಿ ಕಾಡಿನ ಎಲ್ಫ್, ತಂದೆ ಮನುಷ್ಯ.

2014ರ ಐದನೇ ಆವೃತ್ತಿಯ ನಿಯಮಗಳನ್ನು ಪರಿಷ್ಕರಿಸಿದ ಪುಸ್ತಕ 2024ರ ಸೆಪ್ಟೆಂಬರಿನಲ್ಲಿ ಬಂತು. ಐವರೂ ದುಡ್ಡು ಹಾಕಿ ಒಂದು ಪ್ರತಿ ತರಿಸಿದೆವು. ಆ ವಾರ ಆಟ ನಡೆಯಲಿಲ್ಲ, ಜಗಳ ನಡೆಯಿತು.

ಈ ಜಗಳ ಹೊಸದೇನಲ್ಲ. 2000ದಲ್ಲಿ ಮೂರನೇ ಆವೃತ್ತಿ, ಮೂರೇ ವರ್ಷಕ್ಕೆ ಅದರ ಪರಿಷ್ಕರಣೆ ಬಂದಾಗ ಮತ್ತೆ ಪುಸ್ತಕ ಕೊಳ್ಳಬೇಕೇ ಎಂದು ಗೊಣಗಿದವರಿದ್ದರು. 2008ರ ನಾಲ್ಕನೇ ಆವೃತ್ತಿ ಹಲವರಿಗೆ ಬೇರೆಯೇ ಆಟದಂತೆ ಕಂಡಿತು. ಮರು ವರ್ಷ ಪೈಜೋ ಎಂಬ ಪ್ರಕಾಶನ ಸಂಸ್ಥೆ ಹಳೆಯ ನಿಯಮಗಳನ್ನೇ ತಿದ್ದಿ ‘ಪಾತ್‌ಫೈಂಡರ್’ ಎಂಬ ಹೆಸರಿನಲ್ಲಿ ತಂದಿತು. ಹಳೆಯದನ್ನು ಬಿಡಲೊಲ್ಲದವರು ಹೊಸ ಹೆಸರಿನ ಆಟಕ್ಕೆ ಹೋದರು.

ನಮ್ಮ ಮೇಜಿನಲ್ಲಿ ಮೊದಲು ಎದ್ದದ್ದು ಔಷಧದ ಮಾತು. ಗಾಯ ಮಾಯುವ ಮದ್ದು ಕುಡಿಯಲು ಹಿಂದೆ ಆ ಸರದಿಯ ಮುಖ್ಯ ಕೆಲಸವನ್ನೇ ಬಿಟ್ಟುಕೊಡಬೇಕಿತ್ತು. ಅದು ಬೇಸರವೆಂದು ನಾವು, ನಮ್ಮಂತೆ ಎಷ್ಟೋ ಗುಂಪುಗಳವರು, ಅದನ್ನು ಚಿಕ್ಕ ಕೆಲಸವೆಂದೇ ನಡೆಸಿಕೊಂಡು ಬಂದಿದ್ದೆವು. ಹೊಸ ಪುಸ್ತಕದಲ್ಲಿ ನಮ್ಮ ಆ ರೂಢಿಯೇ ನಿಯಮ. ಎಲ್ಲರಿಗೂ ಖುಷಿ. ಆಮೇಲೆ ಪ್ಯಾಲಡಿನ್ ಆಡುವ ಭೌತವಿಜ್ಞಾನದ ಗೆಳೆಯ ತನ್ನ ಪುಟ ತೆರೆದ. ಕತ್ತಿಯ ಏಟಿಗೆ ದೈವಬಲ ಸೇರಿಸುವ ಅವನ ಶಕ್ತಿ ಮೊದಲು ಒಂದೇ ಸರದಿಯ ಎರಡು ಏಟಿಗೂ ಸಿಗುತ್ತಿತ್ತು, ಈಗ ಒಂದಕ್ಕೆ ಮಾತ್ರ. “ನ್ಯಾಯವಾಗಿಯೇ ಇದೆ ಕಣೋ, ನಿಂದು ಅತಿಯಾಗಿತ್ತು” ಎಂದ ಮಾಸ್ಟರ್. “ಲೆಕ್ಕ ನಂಗೂ ಗೊತ್ತು. ಆದ್ರೆ ಆ ಡ್ರ್ಯಾಗನ್ನನ್ನ ಕೊಂದದ್ದು ಆ ಎರಡನೇ ಏಟು” ಎಂದ ಅವನು. ಯಾರೂ ಮಾತಾಡಲಿಲ್ಲ. ಆ ರಾತ್ರಿ ನಾವೆಲ್ಲ ಎದ್ದು ನಿಂತು ಕೂಗಿದ್ದೆವು.

ನನ್ನ ಸರದಿ ಬಂತು. ಪುಸ್ತಕದಲ್ಲಿ ಹತ್ತು ಕುಲಗಳಿದ್ದವು. ಅರ್ಧ ಎಲ್ಫ್ ಇರಲಿಲ್ಲ.

ನಮ್ಮಪ್ಪ ಧಾರವಾಡದವರು, ಅಮ್ಮ ಉಡುಪಿಯ ಕಡೆಯವರು. ಅವರ ಮನೆಮಾತು ತುಳು. ರಜೆಯಲ್ಲಿ ಅಜ್ಜಿ ಮನೆಗೆ ಹೋದರೆ ನಾನು ಘಟ್ಟದ ಮೇಲಿನವಳು. ಧಾರವಾಡದಲ್ಲಿ ಅತ್ತೆ ನನ್ನ ಗಲ್ಲ ಹಿಡಿದು, “ನೋಡಾಕ ತಾಯಿ ಹಂಗ, ಮಾತು ಮಾತ್ರ ನಮ್ದು” ಎನ್ನುತ್ತಿದ್ದರು. ಪಿಎಚ್‌ಡಿ ಅರ್ಜಿಯಲ್ಲಿ ಮಾತೃಭಾಷೆಗೆ ಒಂದೇ ಖಾನೆ. ಈ ಆಟದಲ್ಲಿ ಮೊದಲ ಸಲ ಪಾತ್ರ ಆರಿಸುವಾಗ ಬೇರೆ ಯಾವ ಪುಟವನ್ನೂ ನಾನು ಓದಲಿಲ್ಲ.

2022ರಲ್ಲಿ ಕರಡು ನಿಯಮಗಳನ್ನು ಹೊರಬಿಟ್ಟು ಆಟಗಾರರ ಅಭಿಪ್ರಾಯ ಕೇಳಿದ್ದರು. ಬೇರೆ ಬೇರೆ ಕುಲದ ತಂದೆತಾಯಿಗಳಿದ್ದರೆ ಒಬ್ಬರ ಗುಣಗಳನ್ನು ಆರಿಸಿಕೊಳ್ಳಿ, ರೂಪದಲ್ಲಿ ಇಬ್ಬರನ್ನೂ ಬೆರೆಸಿ ಎಂದಿತ್ತು ಆ ಕರಡು. ಓದಿದಾಗ ಅತ್ತೆಯ ಕೈ ಗಲ್ಲಕ್ಕೆ ತಾಗಿದಂತಾಯಿತು.

‘ಅರ್ಧ’ ಎಂದು ಯಾರನ್ನೂ ಕರೆಯಬಾರದು ಎಂಬ ವಾದ ನನಗೆ ಒಪ್ಪಿಗೆ. ‘ರೇಸ್’ ಎಂಬ ಮಾತನ್ನು ತೆಗೆದದ್ದೂ ಒಳ್ಳೆಯದೇ. ಬುದ್ಧಿ, ಬಲಗಳಿಗೆ ಸಿಗುವ ಹೆಚ್ಚಿನ ಅಂಕ ಹುಟ್ಟಿದ ಕುಲದಿಂದಲ್ಲ, ಬೆಳೆದ ಹಿನ್ನೆಲೆಯಿಂದ ಬರಲಿ ಎಂಬ ಬದಲಾವಣೆಯನ್ನು ಜಾತಿ ಗೊತ್ತಿರುವ ನಾವು ಬೇಗ ಮೆಚ್ಚಿದೆವು. ಆದರೆ ಹಳೆಯ ಪುಟದಲ್ಲಿ ಹೆಸರು ಅರ್ಧವಿದ್ದರೂ ಪಾತ್ರ ಅರ್ಧವಿರಲಿಲ್ಲ. ಕತ್ತಲಲ್ಲಿ ಕಾಣುವ ಕಣ್ಣು ಎಲ್ಫ್ ತಾಯಿಯದು. ಮಾತಿನ ವರ್ಚಸ್ಸಿಗೆ ಮಾತ್ರ ಎರಡು ಅಂಕ ಹೆಚ್ಚು. ಅಷ್ಟು ಎಲ್ಫ್‌ಗೂ ಇರಲಿಲ್ಲ, ಮನುಷ್ಯರಿಗೂ ಇರಲಿಲ್ಲ. ಎರಡು ಕಡೆಯವರ ನಡುವೆ ಬೆಳೆದವಳು ಕಲಿತುಕೊಂಡದ್ದು ಅದು. ನೋಯಿಸುವ ಹೆಸರನ್ನು ತೆಗೆಯುವಾಗ ಆ ಪುಟವನ್ನೂ ತೆಗೆದರು.

“ಹಳೇ ಪುಸ್ತಕದ ಕುಲ ಬಳಸಬಹುದು ಅಂತ ಇದರಲ್ಲೇ ಇದೆ ಮಾರಾಯ್ತಿ, ಯಾಕೆ ಅಳುಮುಖ ಮಾಡ್ತೀ?” ಎಂದ ಮಾಸ್ಟರ್. ಹೌದು, ಅನುಮತಿ ಇದೆ. ಪುಟದಲ್ಲಿ ಇರುವುದೂ ಅನುಮತಿಯ ಮೇಲೆ ಇರುವುದೂ ಒಂದೇ ಅಲ್ಲ ಎಂದು ಅವನಿಗೆ ಹೇಳಲು ಹೋಗಲಿಲ್ಲ. ಅದನ್ನು ಹೇಳಲು ಮೊದಲು ಉಡುಪಿಯ ಕಥೆ ಹೇಳಬೇಕಿತ್ತು.

ಕೊನೆಗೆ ಹೊಸ ನಿಯಮಗಳನ್ನೇ ಒಪ್ಪಿಕೊಂಡೆವು. ಪ್ಯಾಲಡಿನ್‌ಗೆ ಒಂದೇ ದೈವದ ಏಟು. ನನಗೆ ಹಳೆಯ ಪುಟ. ಹೊಸ ಹಾಳೆಗೆ ಎಲ್ಲವನ್ನೂ ನಕಲು ಮಾಡಿದೆ. ಕುಲದ ಖಾನೆಯಲ್ಲಿ ‘ಅರ್ಧ ಎಲ್ಫ್’ ಎಂದು ಬರೆದು, ‘ಅರ್ಧ’ವನ್ನು ರಬ್ಬರಿನಿಂದ ಉಜ್ಜಿದೆ. ಉಳಿದದ್ದು ಸುಳ್ಳಾಯಿತು. ಮತ್ತೆ ಬರೆದೆ. ಅದಕ್ಕಿಂತ ಒಳ್ಳೆಯ ಹೆಸರು ಇನ್ನೂ ಸಿಕ್ಕಿಲ್ಲ. ಸಿಗುವವರೆಗೆ ಪೆನ್ಸಿಲ್ಲಿನಲ್ಲೇ ಇರಲಿ ಎಂದು ಬಿಟ್ಟಿದ್ದೇನೆ.